ಅತ್ತೆಗೆ ಹೇಳದ ಗುಳಿಗೆ

ಇಪ್ಪತ್ಮೂರು ವರ್ಷಗಳಿಂದ ನಾನು ದಿನಕ್ಕೆ ಎರಡು ಗುಳಿಗೆ ನುಂಗುತ್ತೇನೆ. ಬೆಳಗಿನ ಚಹಾ ಆದಮೇಲೆ ಒಂದು, ರಾತ್ರಿ ಊಟವಾದಮೇಲೆ ಒಂದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಧಾರವಾಡದ ಕಾಲೇಜಿನ ಮೆಟ್ಟಿಲ ಮೇಲೆ ಮೊದಲ ಸಲ ಮೂರ್ಛೆ ಬಂದು ಬಿದ್ದೆ. ಅಂದು ಶುರುವಾದದ್ದು ಇದು.

ಹೆಣ್ಣು ನೋಡಲು ಬಂದ ದಿನವೇ ನನ್ನ ಗಂಡನಾಗುವವರಿಗೆ ವಿಷಯ ಹೇಳಿದ್ದೆ. ಅವರು, “ಗುಳಗಿ ತಗೊಂಡ್ರ ಬರಂಗಿಲ್ಲಲ್ಲ? ಮತ್ತೇನು. ಅವ್ವಗ ನಾ ಆಮ್ಯಾಲ ಹೇಳ್ತೇನಿ” ಎಂದರು. ಆ ‘ಆಮ್ಯಾಲ’ ಹದಿನಾಲ್ಕು ವರ್ಷ ಎಳೆಯಿತು. ಅತ್ತೆ ಗದಗಿನಲ್ಲಿ ಮೈದುನನ ಮನೆಯಲ್ಲಿದ್ದರು, ನಾವು ನಾಸಿಕದಲ್ಲಿ. ಅವರು ಬಂದಾಗ ನಾನು ಬಚ್ಚಲುಮನೆಗೆ ಹೋಗಿ ಗುಳಿಗೆ ನುಂಗುತ್ತಿದ್ದೆ. ಒಮ್ಮೆ ಕಣ್ಣಿಗೆ ಬಿದ್ದಾಗ ತಲೆನೋವಿನದು ಎಂದಿದ್ದೆ.

ನಾಸಿಕಕ್ಕೆ ಬಂದ ಮೊದಲ ವರ್ಷ ಒಮ್ಮೆ ತಪ್ಪಿತ್ತು. ಹತ್ತಿರದ ದಿಂಡೋರಿಯ ಮದುವೆಯೊಂದರ ಗಡಿಬಿಡಿಯಲ್ಲಿ ಎರಡು ಹೊತ್ತು ಮರೆತೆ. ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದು ನಾಲಿಗೆ ಕಚ್ಚಿಕೊಂಡೆ. ನಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ಹಲ್ಲುನೋವು ಎಂದು ವಾರವಿಡೀ ಕೈಸನ್ನೆಯಲ್ಲಿ ಮಾತಾಡಿದೆ. ಒಂದು ದಿನವೂ ಬಿಡಬಾರದು ಎಂದು ಡಾಕ್ಟರು ಯಾಕೆ ಅಷ್ಟು ಸಲ ಹೇಳುತ್ತಿದ್ದರೆಂದು ಅಂದು ಅರ್ಥವಾಯಿತು.

ಹೋದ ವರ್ಷ ಗಂಡನಿಗೆ ಸಂಭಾಜಿನಗರಕ್ಕೆ, ಮೊದಲಿನ ಔರಂಗಾಬಾದಿಗೆ, ವರ್ಗವಾಯಿತು. ತಮ್ಮ ಮಗನಿಗೆ ಅಡುಗೆ ಮಾಡಿ ಹಾಕಲೆಂದು ಅತ್ತೆಯೂ ಅಲ್ಲಿಗೆ ಬಂದರು. ನಾನು ನಾಸಿಕದಲ್ಲೇ ಉಳಿದು, ರಜೆ ಸಿಕ್ಕಾಗ ಬಸ್ಸು ಹತ್ತುತ್ತಿದ್ದೆ. ಅದೊಂದು ಎರಡನೆಯ ಶನಿವಾರ, ಸೋಮವಾರವೂ ರಜೆ. ಶುಕ್ರವಾರ ಮಧ್ಯಾಹ್ನವೇ ಬ್ಯಾಂಕಿನಿಂದ ಹೊರಟೆ. ಹಿಂದಿನ ದಿನವಷ್ಟೇ ಹಳೆಯ ಕೈಚೀಲದ ಜಿಪ್ಪು ಕಿತ್ತುಹೋಗಿ, ಸಾಮಾನನ್ನೆಲ್ಲ ಹೊಸದಕ್ಕೆ ಸುರಿದಿದ್ದೆ. ರಾತ್ರಿ ಅಲ್ಲಿ ಊಟವಾದಮೇಲೆ ಸ್ಟ್ರಿಪ್ ಪಟ್ಟಿಯಲ್ಲಿದ್ದ ಕೊನೆಯ ಗುಳಿಗೆ ನುಂಗಿದೆ. ಇನ್ನೊಂದು ಪಟ್ಟಿ ಒಳಜೇಬಿನಲ್ಲಿದೆ ಎಂದುಕೊಂಡಿದ್ದೆ.

ಬೆಳಿಗ್ಗೆ ನೋಡಿದರೆ ಒಳಜೇಬು ಖಾಲಿ. ಅದು ಹಳೆಯ ಚೀಲದಲ್ಲೇ ಉಳಿದಿತ್ತು. ಡಾಕ್ಟರರ ಚೀಟಿ ನಾಸಿಕದ ಕಪಾಟಿನಲ್ಲಿತ್ತು. ಗಂಡ ದಿಲ್ಲಿಯಿಂದ ಬಂದ ಮೇಲಧಿಕಾರಿಗಳಿಗೆ ದೌಲತಾಬಾದಿನ ಕೋಟೆ ತೋರಿಸಲು ನಸುಕಿನಲ್ಲೇ ಹೋಗಿದ್ದರು. ಫೋನು ಹತ್ತಲಿಲ್ಲ. ನಾಸಿಕದ ಡಾಕ್ಟರರದೂ ಹತ್ತಲಿಲ್ಲ. ಚೀಲವನ್ನು ಹಾಸಿಗೆಯ ಮೇಲೆ ಬೋರಲು ಹಾಕಿ ನಿಂತಿದ್ದಾಗ ಅತ್ತೆ ಬಾಗಿಲಿಗೆ ಬಂದರು.

“ಏನು ಹುಡಕಾಕತ್ತೀ?”

“ಗುಳಗಿ ರೀ.”

“ತಲಿನೋವಿಂದ? ನನ್ನ ಹಂತೇಕ ಅದಾವಲ್ಲ, ತಡಿ.”

ಅವರು ಒಳಗೆ ಹೋಗಿ ತಮ್ಮ ಗುಳಿಗೆಯನ್ನೂ ಒಂದು ಲೋಟ ನೀರನ್ನೂ ತಂದು ಮುಂದೆ ಹಿಡಿದರು. ಇನ್ನೊಂದು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

“ಅದಲ್ಲರೀ. ನನಗ ಫಿಟ್ಸ್ ಬರತಾವು. ಹತ್ತೊಂಬತ್ತು ವರ್ಷದಾಕಿ ಇದ್ದಾಗಿಂದ. ಅದರ ಗುಳಗಿ ಮುಗದಾವು.”

ಅತ್ತೆ ಲೋಟ ಕೆಳಗಿಟ್ಟು ಮಂಚದ ತುದಿಯಲ್ಲಿ ಕೂತರು. “ನನ್ನ ಮಗಗ ಗೊತ್ತೈತೇನು?”

“ಮದವಿ ಮೊದಲ ಹೇಳಿದ್ನಿರಿ.”

“ಹಂಗಾರ ಇಬ್ರೂ ಕೂಡಿ ಮುಚ್ಚಿಟ್ರಿ.”

ಎದ್ದು ಹೋಗಿ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು. ಗದಗಿನ ಬಸ್ಸಿಗೆ ಬಟ್ಟೆ ತುಂಬುತ್ತಿದ್ದಾರೆಂದೇ ನಾನು ತಿಳಿದೆ. ಹೊರಬಂದಾಗ ಇಳಕಲ್ ಸೀರೆ ಉಟ್ಟು, ಕಾಲಿಗೆ ಚಪ್ಪಲಿ ಮೆಟ್ಟಿದ್ದರು. “ನಡಿ, ಗುಳಗಿ ತರೂಣು. ಒಬ್ಬಾಕೀನ ಬಿಡಂಗಿಲ್ಲ” ಎಂದರು.

ಮೊದಲ ಔಷಧಿ ಅಂಗಡಿಯಲ್ಲಿ ಆ ಗುಳಿಗೆ ಇರಲಿಲ್ಲ. ಎರಡನೆಯದರಲ್ಲಿ ಇತ್ತು, ಆದರೆ ಚೀಟಿ ಬೇಕೆಂದರು. ನಾನು ದನಿ ತಗ್ಗಿಸಿ, ಖಾಲಿ ಪಟ್ಟಿ ತೋರಿಸಿ ಕೇಳುತ್ತಿದ್ದೆ. ಹಿಂದೆ ನಾಲ್ಕೈದು ಜನ ನಿಂತಿದ್ದರು. ಅತ್ತೆ ನನ್ನನ್ನು ಸರಿಸಿ ಮುಂದೆ ಬಂದು, ತಮಗೆ ಬರುವಷ್ಟು ಮರಾಠಿಯಲ್ಲಿ, “ಭಾವೂ, ಹಿಲಾ ಫಿಟ್ ಯೇತಾತ. ಗೋಳಿ ಪಾಹಿಜೆ” ಎಂದರು. ಇವಳಿಗೆ ಫಿಟ್ಸ್ ಬರುತ್ತವೆ, ಗುಳಿಗೆ ಬೇಕು.

ಇಷ್ಟು ವರ್ಷ ನಾನು ಯಾರ ಕಿವಿಗೂ ಬೀಳದಂತೆ ಕಾಯ್ದ ಮಾತು ಅದು. ಅವರು ಅದನ್ನು ಇವಳಿಗೆ ಜ್ವರ ಎನ್ನುವಷ್ಟೇ ಸಹಜವಾಗಿ ಹೇಳಿದ್ದರು. ನನಗೆ ಮುಖ ಬಿಸಿಯಾಯಿತು. ಹಿಂದೆ ತಿರುಗಿ ನೋಡಿದೆ. ಒಬ್ಬ ಹೆಂಗಸು ನನಗೆ ಕುರ್ಚಿ ಬಿಟ್ಟುಕೊಡುತ್ತಿದ್ದಳು. ಉಳಿದವರು ತಮ್ಮ ಪಾಡಿಗೆ ಫೋನು ನೋಡುತ್ತಿದ್ದರು.

ಚೀಟಿಯಿಲ್ಲದೆ ಕೊಡಲು ಬರುವುದಿಲ್ಲ ಎಂದೇ ಅಂಗಡಿಯವರು ಹೇಳಿದರು. ಆದರೆ ಹೊರಗೆ ಬಂದು, ಹಿಂದಿನ ಗಲ್ಲಿಯ ಡಾಕ್ಟರು ಮಧ್ಯಾಹ್ನ ಒಂದು ಗಂಟೆಯವರೆಗೆ ಇರುತ್ತಾರೆ, ಅವರಿಂದ ಬರೆಸಿಕೊಂಡು ಬನ್ನಿ, ನಾನು ತೆಗೆದಿಟ್ಟಿರುತ್ತೇನೆ ಎಂದು ದಾರಿ ತೋರಿಸಿದರು.

ಆ ಡಾಕ್ಟರು ಪಟ್ಟಿ ನೋಡಿ, ಎಷ್ಟು ವರ್ಷದಿಂದ, ಕೊನೆಯದು ಯಾವಾಗ ತಗೊಂಡಿರಿ ಎಂದು ಕೇಳಿ ಬರೆದುಕೊಟ್ಟರು. ತಪ್ಪಿದ್ದನ್ನು ಈಗಲೇ ತಗೊಳ್ಳಿ ಎಂದರು. ನಾವು ಏಳುವಾಗ, “ಸೋಬತ್ ಕೋಣ ಆಹೇ?” ಎಂದರು. ಜೊತೆಗೆ ಯಾರಿದ್ದಾರೆ?

“ಮೀ ಆಹೇ,” ಎಂದರು ಅತ್ತೆ. ನಾನಿದ್ದೇನೆ.

ಔಷಧಿ ಅಂಗಡಿಯ ಪಕ್ಕದಲ್ಲೇ ಕುಂದಾಪುರದ ಕಡೆಯವರ ಹೋಟೆಲು. ಅಲ್ಲಿ ಕೂತು ಗುಳಿಗೆ ನುಂಗಿದೆ, ಎಲ್ಲರೆದುರು. ಅತ್ತೆ ಇಡ್ಲಿ ತರಿಸಿದರು, ತಾವು ಮುಟ್ಟಲಿಲ್ಲ.

“ಹದಿನಾಕು ವರ್ಷ ಬಚ್ಚಲದಾಗ ನಿಂತು ನೀರು ಕುಡದಿ. ನಾ ಅಂಥಾ ಕೆಟ್ಟಾಕಿ ಅಂತ ತಿಳದಿದ್ದೇನು?”

“ಅಂಜಿಕಿ ಆಗಿತ್ರಿ.”

ಅವರು ರಸ್ತೆಯತ್ತ ನೋಡುತ್ತ ಹೇಳಿದರು: “ಸುಳ್ಳು ಯಾಕ ಹೇಳಲಿ. ಆಗ ಹೇಳಿದ್ರ ಈ ಸಂಬಂಧ ಬ್ಯಾಡ ಅಂತಿದ್ನೇನೋ. ಆಗ ನನಗ ನೀ ಯಾರು ಅಂತ ಗೊತ್ತಿರಲಿಲ್ಲ.”

ಆ ಮಾತು ನೋಯಿಸಬೇಕಿತ್ತು. ನೋಯಿಸಲಿಲ್ಲ. ನನ್ನ ಕಣ್ಣು ತುಂಬಿದ್ದು ನೋಡಿ ಅವರು ತಟ್ಟೆ ಇತ್ತ ಸರಿಸಿ, “ತಿನ್ನು, ಆರತಾವು” ಎಂದರು. ಆಮೇಲೆ, “ಬಂದ್ರ ನಾ ಏನು ಮಾಡಬೇಕು? ಕೈಯಾಗ ಕಬ್ಬಿಣ ಹಿಡಸಬೇಕಂತಾರಲ್ಲ?” ಎಂದು ಕೇಳಿದರು. ಕಬ್ಬಿಣ ಬೇಡ, ಬಾಯಿಗೆ ಏನೂ ಹಾಕಬೇಡಿ, ಒತ್ತಿ ಹಿಡಿಯಬೇಡಿ, ಮಗ್ಗುಲಾಗಿ ಹೊರಳಿಸಿ, ಗಡಿಯಾರ ನೋಡಿ, ಐದು ನಿಮಿಷ ಮೀರಿದರೆ ದವಾಖಾನೆಗೆ ಎಂದೆ. ಅವರು ಬೆರಳು ಮಡಚುತ್ತ ಎರಡು ಸಲ ಒಪ್ಪಿಸಿದರು.

ಸಂಜೆ ಗಂಡ ಬಂದಾಗ ನಡೆದದ್ದನ್ನೆಲ್ಲ ನಾನೇ ಹೇಳಿದೆ. ಅತ್ತೆ ಎರಡು ದಿನ ಅವರೊಡನೆ ನನ್ನ ಮೂಲಕವೇ ಮಾತಾಡಿದರು. “ಊಟಕ್ಕ ಬಾ ಅನ್ನು ಅವಗ.” ಗಂಡ ತಲೆ ತಗ್ಗಿಸಿ ಬಂದು ಕೂರುತ್ತಿದ್ದರು. ಮೂರನೆಯ ದಿನ ಅತ್ತೆ ಅವರ ತಟ್ಟೆಗೆ ತಾವೇ ರೊಟ್ಟಿ ಹಾಕಿದರು.

ಈಗ ಗುಳಿಗೆ ಮೂರು ಕಡೆ ಇರುತ್ತದೆ: ನನ್ನ ಚೀಲದಲ್ಲಿ, ಬ್ಯಾಂಕಿನ ಡ್ರಾಯರಿನಲ್ಲಿ, ಸಂಭಾಜಿನಗರದಲ್ಲಿ ಅತ್ತೆಯ ಸ್ಟೀಲ್ ಡಬ್ಬಿಯಲ್ಲಿ. ಮೂರರಲ್ಲೂ ಚೀಟಿಯ ಝೆರಾಕ್ಸ್ ಇದೆ, ಫೋಟೋ ಫೋನಿನಲ್ಲಿದೆ. ಹತ್ತು ಉಳಿದಾಗಲೇ ಹೊಸದು ತರುತ್ತೇನೆ. ನಾನು ಮರೆತರೂ ಭಾನುವಾರ ಅತ್ತೆಯ ಫೋನು ಬರುತ್ತದೆ: “ಎಷ್ಟದಾವು?” ಡಬ್ಬಿಯಲ್ಲಿರುವುದರ ತಾರೀಖು ಮುಗಿಯುವ ಮೊದಲೇ ಅದನ್ನು ನನ್ನ ಚೀಲಕ್ಕೆ ಹಾಕಿ, ಹೊಸದನ್ನು ತೆಗೆದಿಡುತ್ತಾರೆ.

ಅಂದಿನಿಂದ ಇಂದಿನವರೆಗೆ ಮೂರ್ಛೆ ಬಂದಿಲ್ಲ. ಬರಲಾರದು ಎಂದು ಹೇಳಲಾರೆ. ಹಾಗಾಗಿ ಹೋದ ತಿಂಗಳು, ನಾಸಿಕದಲ್ಲಿ ಪಕ್ಕದ ಕೌಂಟರಿನಲ್ಲಿ ಕೂರುವ ಗೆಳತಿಗೆ, ಚಹಾದ ವೇಳೆಯಲ್ಲಿ, ನಾನೇ ಎಲ್ಲ ಹೇಳಿದೆ. ಅವಳ ಮುಖ ಹೇಗಾಗುತ್ತದೋ ಎಂದು ಕಾದೆ. ಅವಳು ಕಪ್ಪು ಕೆಳಗಿಟ್ಟು, ಹೊರಳಿಸುವುದು ಎಡಕ್ಕೋ ಬಲಕ್ಕೋ ಎಂದು ಮರಾಠಿಯಲ್ಲಿ ಕೇಳಿದಳು. ಎಡಕ್ಕೆ ಎಂದೆ. ಸರಿ ಎಂದು ತಲೆಯಾಡಿಸಿ, ಕಾಯುತ್ತಿದ್ದ ಗ್ರಾಹಕರನ್ನು ಕರೆದಳು.