ಮೂರು ಗಂಟೆಯ ಊಟ

ಮಗಳನ್ನು ಸೇರಿಸುವ ಮೊದಲು ಒಮ್ಮೆ ಶಾಲೆ ನೋಡಿಕೊಂಡು ಬನ್ನಿ ಎಂದು ಹೆಂಡತಿ ನನ್ನನ್ನು ಕಳಿಸಿದಳು. ನಾನು ಹೋಗಿ ಬಂದು ವರದಿ ಒಪ್ಪಿಸಿದೆ. ಕೈ ತೊಳೆಯುವ ಜಾಗ ಚೊಕ್ಕಟವಾಗಿದೆ, ಮೇಜುಗಳು ಅಲ್ಲಾಡುವುದಿಲ್ಲ, ಫ್ಯಾನಿನ ರೆಕ್ಕೆಗಳ ಮೇಲೆ ಧೂಳಿಲ್ಲ, ನೀರಿನ ಫಿಲ್ಟರ್ ಹೊಸದು. ಪಾಠ ಹೇಗೆ ಮಾಡುತ್ತಾರಂತೆ ಎಂದು ಅವಳು ಕೇಳಿದಳು. ಅದನ್ನು ವಿಚಾರಿಸುವುದು ನನಗೆ ಹೊಳೆದೇ ಇರಲಿಲ್ಲ. ಮರಾಠಿ ನಾಡಿಗೆ ಬಂದು ಹಡಪಸರದಲ್ಲಿ ಹೋಟೆಲು ನಡೆಸುವವನನ್ನು ಕಳಿಸಿದರೆ ಅವನ ಕಣ್ಣಿಗೆ ಬೇರೆ ಏನು ಬಿದ್ದೀತು?

ನಾನು ಕುಂದಾಪುರದ ಕಡೆಯವನು. ಹೆಂಡತಿಯ ಮನೆಯವರು ಧಾರವಾಡದ ಕಡೆಯವರು, ಅವಳು ಹುಟ್ಟಿ ಬೆಳೆದದ್ದು ಮಾತ್ರ ಇದೇ ಊರಿನ ಬಿಬವೇವಾಡಿಯಲ್ಲಿ. ವಿಮಾನ ನಗರದಲ್ಲಿ ಅವಳ ಆಫೀಸು. ಬೆಳಿಗ್ಗೆ ಸ್ಕೂಟರ್ ಹತ್ತಿ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹೀಗಾಗಿ ಮಗಳು ಬೆಳೆದದ್ದು ನನ್ನ ಗಲ್ಲಾದ ಪಕ್ಕದಲ್ಲಿ. ಅವಳ ಮಾತೆಲ್ಲ ತಾಯಿಯ ಕಡೆಯದು, ನಡತೆಯೆಲ್ಲ ಹೋಟೆಲಿನದು. ಸರಿಯಾಗಿ ಓಡಲು ಬರುವ ಮೊದಲೇ ಹೆಗಲ ಮೇಲೆ ಬಟ್ಟೆಯೊಂದನ್ನು ಹಾಕಿಕೊಂಡು ಗಿರಾಕಿಗಳ ಮುಂದೆ ನಿಂತು ‘ಆಣಖಿ ಕಾಯ್?’ ಎಂದು ಮರಾಠಿಯಲ್ಲಿ ವಿಚಾರಿಸುತ್ತಿದ್ದಳು. ಇನ್ನೇನು ಬೇಕು ಎಂದು ಅಷ್ಟು ಗಂಭೀರವಾಗಿ ಕೇಳಿದರೆ ಏನೂ ಬೇಡ ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಐ.ಟಿ. ಕಂಪನಿಯ ಹುಡುಗರು ಹೊಟ್ಟೆ ತುಂಬಿದ್ದರೂ ಇನ್ನೊಂದು ವಡೆ ಹೇಳುತ್ತಿದ್ದರು.

ಊರ ಕಡೆಯಿಂದ ಬಂದ ಹೋಟೆಲಿನವರಲ್ಲಿ ಒಂದು ಪದ್ಧತಿ ಇದೆ. ಗಿರಾಕಿಗಳು ಉಣ್ಣುತ್ತಿರುವಾಗ ನಾವು ಉಣ್ಣಲು ಕೂರುವುದಿಲ್ಲ. ಮಧ್ಯಾಹ್ನದ ಗದ್ದಲ ಇಳಿದು, ಮೇಜುಗಳನ್ನು ಒರೆಸಿ, ಮೂರು ಗಂಟೆ ಹೊಡೆದ ಮೇಲೆ ಅಡುಗೆಮನೆಯ ಬಾಗಿಲ ಬಳಿಯ ಮೂಲೆಯ ಮೇಜಿನಲ್ಲಿ ನಮ್ಮ ಊಟ. ಫ್ಯಾನಿನ ಗಾಳಿ ತಲುಪದ ಮೇಜು, ಗಿರಾಕಿಗಳು ಬೇರೆ ಗತಿಯಿಲ್ಲದಿದ್ದರೆ ಮಾತ್ರ ಅಲ್ಲಿ ಕೂರುತ್ತಾರೆ. ನಾನೂ ಮಗಳೂ ಅಲ್ಲಿ ಎದುರುಬದುರು ಕೂತು, ಆಕಾರ ಕೆಟ್ಟ ದೋಸೆ, ತಳಕ್ಕೆ ಬಂದ ಸಾಂಬಾರು, ಅಡುಗೆಯ ಭಟ್ಟರು ನಮಗೆಂದೇ ಎತ್ತಿಟ್ಟ ಒಂದಿಷ್ಟು ತೆಂಗಿನಕಾಯಿ ಗಸಿ, ಎಲ್ಲ ಸೇರಿಸಿ ಉಣ್ಣುತ್ತಿದ್ದೆವು. ಯಾರು ಚಟ್ನಿ ಚೆಲ್ಲಿದರು, ಯಾವ ಅಜ್ಜಿ ಇಡ್ಲಿಯನ್ನು ಕೈಚೀಲಕ್ಕೆ ಹಾಕಿಕೊಂಡಳು ಎಂಬ ವರ್ತಮಾನವನ್ನೆಲ್ಲ ಅವಳು ಆಗ ಹೇಳುತ್ತಿದ್ದಳು. ದಿನಕ್ಕೆ ಅದೊಂದು ಅರ್ಧ ಗಂಟೆ ನಾನು ಮನುಷ್ಯನಂತೆ ಕೂರುತ್ತಿದ್ದೆ. ಶಾಲೆಯ ಮಾತು ಬಂದಾಗ ನನಗೆ ಮೊದಲು ನೆನಪಾದದ್ದು ಆ ಊಟ. ಶಾಲೆ ಹನ್ನೆರಡೂವರೆಗೇ ಬಿಡುತ್ತದೆ ಎಂದು ಗೊತ್ತಾದ ಮೇಲೆಯೇ ನಾನು ಹೂಂ ಎಂದದ್ದು.

ಮೊದಲ ದಿನ ಜೂನ್ ತಿಂಗಳ ಮಳೆ ಹಿಡಿದಿತ್ತು. ಹೆಂಡತಿ ರಜೆ ಹಾಕಿದ್ದಳು. ಮಗುವಿನ ಮುಂದೆ ಅಳಬಾರದು ಎಂದು ನನಗೆ ಹಿಂದಿನ ದಿನವೇ ತಾಕೀತು ಮಾಡಿದ್ದಳು, ನಾನು ಸಿಟ್ಟಾಗಿದ್ದೆ. ಶಾಲೆಯ ಬಾಗಿಲಲ್ಲಿ ಮಕ್ಕಳೆಲ್ಲ ರಂಪ ಎಬ್ಬಿಸಿದ್ದರು. ಒಬ್ಬ ಕಿಟಕಿಯ ಸರಳು ಹಿಡಿದು ತೂಗುಬಿದ್ದಿದ್ದ. ನಮ್ಮ ಮಗಳು ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದಳು. ಪುಟ್ಟ ಪುಟ್ಟ ಮೇಜುಗಳು, ಎಲ್ಲ ಮೇಜಿಗೂ ಜನ, ವಿಪರೀತ ಗಲಾಟೆ. ಮಧ್ಯಾಹ್ನ ಒಂದು ಗಂಟೆಗೆ ನನ್ನ ಮುಖ ಹೇಗಾಗುತ್ತದೋ ಅವಳ ಮುಖ ಹಾಗಾಯಿತು. ನನ್ನ ಕೈ ಬಿಡಿಸಿಕೊಂಡು ಒಳಗೆ ನಡೆದಳು. ತಿರುಗಿ ಕೂಡ ನೋಡಲಿಲ್ಲ.

ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಅದಕ್ಕೆ ನಾನು ತಯಾರಾಗಿ ಬಂದಿದ್ದೆ. ಅಳದೇ ಹೋದವಳಿಗೆ ಏನು ಮಾಡುವುದು? ಗೇಟಿನ ಬಳಿ ನಿಂತೇ ಇದ್ದೆ. ಮುಖದ ಮೇಲೆ ಇಳಿಯುತ್ತಿರುವುದು ಮಳೆನೀರು ಎಂದು ಹೇಳೋಣವೆಂದರೆ ತಲೆಯ ಮೇಲೆ ಕೊಡೆ ಇತ್ತು. ಹೆಂಡತಿ ಅದನ್ನು ನೋಡಿಯೂ ನೋಡದ ಹಾಗೆ ಇದ್ದಳು, ಆದರೆ ಎಷ್ಟು ಹೊತ್ತು ಅಂತ ಇರುತ್ತಾಳೆ?

“ಬರ್ರಿ ಇನ್ನ,” ಎಂದಳು. “ಆಕಿ ಒಳಗ ಹೋಗಿ ಕುಂತ್ಲು. ನಿಮಗೂ ಒಂದ್ ಅಡ್ಮಿಷನ್ ಮಾಡಸ್ಲೇನು?”

ಡಬ್ಬಿಯ ಜವಾಬ್ದಾರಿ ನನ್ನದು ಎಂದು ನಾನು ಮೊದಲೇ ಹೇಳಿಬಿಟ್ಟಿದ್ದೆ. ಊರಿಗೆಲ್ಲ ಉಣಿಸುವವನ ಮಗಳು ಚಪಾತಿ ಸುರುಳಿ ತೆಗೆದುಕೊಂಡು ಹೋಗುವುದೆಂದರೇನು? ಮೊದಲ ದಿನ ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಇಡ್ಲಿಗಳು, ತುಪ್ಪ ಹಚ್ಚಿ ಪುಡಿ ಉದುರಿಸಿದ್ದು. ಭಟ್ಟರು ಅವುಗಳನ್ನು ಮದುವೆಗೆ ಹೆಣ್ಣು ಸಿಂಗರಿಸಿದ ಹಾಗೆ ಜೋಡಿಸಿಕೊಟ್ಟರು. ಮಧ್ಯಾಹ್ನ ಡಬ್ಬಿ ತೆರೆದರೆ ಇಡ್ಲಿಗಳು ಹೋದ ಹಾಗೆಯೇ ವಾಪಸು ಬಂದಿದ್ದವು. ಹೊಸ ಜಾಗ, ಹಾಗಾಗುತ್ತದೆ ಎಂದುಕೊಂಡೆವು. ಮರುದಿನ ನೀರುದೋಸೆ, ಕಾಯಿ ಬೆಲ್ಲ. ಅದೂ ವಾಪಸು. ಉಪ್ಪಿಟ್ಟು, ಶ್ಯಾವಿಗೆ, ಬನ್ಸು, ಒಂದು ದಿನ ನಾಚಿಕೆ ಬಿಟ್ಟು ಹೆಂಡತಿಯ ಚಪಾತಿ ಸುರುಳಿ ಕೂಡ. ಎಲ್ಲವೂ ಶಾಲೆ ನೋಡಿಕೊಂಡು ಬಂದವು.

ಹೋಟೆಲಿನಲ್ಲಿ ಯಾರಾದರೂ ಅರ್ಧ ದೋಸೆ ಬಿಟ್ಟು ಎದ್ದರೆ ನಾನು ಅಡುಗೆಮನೆಗೆ ಹೋಗಿ ವಿಚಾರಣೆ ಮಾಡುವವನು. ಇಲ್ಲಿ ದಿನವೂ ಪೂರಾ ತಟ್ಟೆಯೇ ಹಿಂದಕ್ಕೆ ಬರುತ್ತಿದೆ, ಅದೂ ಸ್ವಂತ ಮಗಳಿಂದ. ಭಟ್ಟರು ಮಾತು ಬಿಟ್ಟರು. ನಾನು ಶಾಲೆಯ ಮೇಲೆ ಅನುಮಾನಪಟ್ಟೆ, ಬಚ್ಚಲಿನ ಪಕ್ಕ ಕೂರಿಸಿರಬೇಕು ಎಂದೆ. ಹೆಂಡತಿ ಉಪ್ಪು ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆದಳು. ಕೊನೆಗೆ ಮಗಳನ್ನೇ ಕೂರಿಸಿಕೊಂಡು, ಯಾಕೆ ಮಗಾ, ಎಂತಕ್ಕೆ ತಿನ್ನುವುದಿಲ್ಲ ಎಂದು ಪುಸಲಾಯಿಸಿ ಕೇಳಿದೆ.

“ಟೈಮ ಸಿಗಲಿಲ್ಲ ಪಪ್ಪಾ,” ಎಂದಳು.

ಹೆಂಡತಿ ನನ್ನನ್ನು ನೋಡಿದ ನೋಟ ಹೇಳತಕ್ಕದ್ದಲ್ಲ. ಊಟ ಯಾಕೆ ಮಾಡಲಿಲ್ಲ ಎಂದು ಅವಳು ಆಫೀಸಿನಿಂದ ಫೋನು ಮಾಡಿದಾಗಲೆಲ್ಲ ನಾನು ಕೊಡುವ ಉತ್ತರ ಅದೇ. ಆದರೆ ನನಗಾದರೋ ಹೋಟೆಲಿದೆ. ಇನ್ನೂ ನಾಲ್ಕು ತುಂಬದವಳಿಗೆ ಎಂಥ ಕೆಲಸ?

ತಮಾಷೆ ಅಲ್ಲಿಗೆ ಮುಗಿಯಿತು. ಬೆಳಿಗ್ಗೆ ಒಂದು ಲೋಟ ಹಾಲು ಕುಡಿದು ಹೋದವಳು ಹನ್ನೆರಡೂವರೆಗೆ ನೇರ ಹೋಟೆಲಿನ ಗದ್ದಲಕ್ಕೆ ಬರುತ್ತಿದ್ದಳು. ಅಡುಗೆಮನೆಯಲ್ಲಿ ಕೂತು ಏನಾದರೂ ತಿನ್ನು ಎಂದರೆ, ಮೂರು ಗಂಟೆಗೆ ನಿನ್ನ ಜೊತೆಗೇ ಎನ್ನುತ್ತಿದ್ದಳು. ಹಾಗೆ ಅನ್ನುವುದು ನನಗೆ ಹಿತವಾಗಿಯೇ ಇತ್ತು, ಅದನ್ನು ಮುಚ್ಚಿಡುವುದೇಕೆ? ಆದರೆ ಅವಳ ಕೆನ್ನೆ ಇಳಿಯುತ್ತಿತ್ತು. ಒಂದು ದಿನ ಹೆಂಡತಿ ಅವಳಿಗೆ ಸ್ನಾನ ಮಾಡಿಸಿ, ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಬಂದು ನನ್ನ ಎದುರು ನಿಂತಳು.

“ಈ ವಾರ ನೋಡ್ತೀನ್ರಿ. ಸುಧಾರಿಸ್ಲಿಲ್ಲಂದ್ರ ಸಾಲಿ ಬಿಟ್ಟ ಕೂಡ್ಲೆ ಬಿಬವೇವಾಡಿಗೆ ಕಳಸ್ತೀನಿ. ನಮ್ಮವ್ವ ಹೊತ್ತಿಗೆ ಸರಿಯಾಗಿ ಉಣಸ್ತಾಳ. ಹೋಟೆಲ್ ಸಾಕು ಆಕಿಗೆ.”

ಮೂಲೆಯ ಮೇಜಿನಲ್ಲಿ ಎದುರಿನ ಕುರ್ಚಿ ಖಾಲಿಯಾಗಿರುವುದನ್ನು ಕಲ್ಪಿಸಿಕೊಂಡೆ. ನನ್ನ ಊಟವೂ ಅಂದೇ ಕೆಟ್ಟಿತು.

ಆ ವಾರವೇ ಶಾಲೆಯಿಂದ ಕರೆ ಬಂತು. ಡಬ್ಬಿಯ ವಿಷಯ ಮಾತಾಡಬೇಕು, ತಿಂಡಿಯ ಹೊತ್ತಿಗೇ ಬನ್ನಿ ಎಂದರು ಟೀಚರ್. ನಾನು ದಾರಿಯುದ್ದಕ್ಕೂ ಮರಾಠಿಯಲ್ಲಿ ಜಗಳದ ಮಾತುಗಳನ್ನು ಹೊಂದಿಸಿಕೊಂಡು ಹೋದೆ. ಟೀಚರ್ ವಯಸ್ಸಾದ ಮರಾಠಿ ಹೆಂಗಸು, ನನಗೆ ಮಾತಾಡಲು ಬಿಡದೆ ಕೈಸನ್ನೆ ಮಾಡಿ ಕಿಟಕಿಯ ಬಳಿ ನಿಲ್ಲಿಸಿದರು.

ಮಕ್ಕಳು ಮೇಜುಗಳ ಸುತ್ತ ಕೂತು ತಿನ್ನುತ್ತಿದ್ದರು. ನನ್ನ ಮಗಳೊಬ್ಬಳೇ ನಿಂತಿದ್ದಳು. ಯೂನಿಫಾರ್ಮಿಗೆ ಪಿನ್ನು ಹಾಕಿ ಕಳಿಸಿದ್ದ ಕರ್ಚೀಫು ಅವಳ ಹೆಗಲ ಮೇಲಿತ್ತು. ಮೇಜಿನಿಂದ ಮೇಜಿಗೆ ಹೋಗಿ, ತೆರೆಯಲು ಬಾರದ ಮುಚ್ಚಳಗಳನ್ನು ತೆರೆದುಕೊಟ್ಟು, ನೀರಿನ ಬಾಟಲಿಯನ್ನು ಹತ್ತಿರ ಸರಿಸಿ, ಒಬ್ಬೊಬ್ಬರನ್ನೂ ‘ಆಣಖಿ ಕಾಯ್?’ ಎಂದು ವಿಚಾರಿಸುತ್ತಿದ್ದಳು. ಒಬ್ಬ ಪೋಹೆ, ನಮ್ಮ ಅವಲಕ್ಕಿ, ಬೇಕೆಂದ. ಪಕ್ಕದ ಮೇಜಿನಲ್ಲಿ ಪೋಹೆ ಬೇಡವಾಗಿದ್ದ ಹುಡುಗಿಯಿಂದ ತಂದು ಅವನಿಗೆ ಬಡಿಸಿದಳು. ಮೊದಲ ದಿನ ಸರಳು ಹಿಡಿದು ತೂಗುಬಿದ್ದಿದ್ದವನು ಈಗ ಅವಳನ್ನು ಬೆರಳು ಮಾಡಿ ಕರೆಯುತ್ತಿದ್ದ. ಎಲ್ಲರೂ ಎದ್ದ ಮೇಲೆ ಮೇಜುಗಳನ್ನು ಕರ್ಚೀಫಿನಿಂದ ಒರೆಸಿ, ಬಾಗಿಲ ಬಳಿಯ ಮೂಲೆಯಲ್ಲಿ ಕೂತು ಡಬ್ಬಿ ತೆರೆದಳು. ಗಂಟೆ ಹೊಡೆಯಿತು. ಬೇಸರವನ್ನೇನೂ ತೋರಿಸದೆ ಮುಚ್ಚಳ ಹಾಕಿದಳು. ಬಾಯಿಗೆ ತುತ್ತಿಡುವ ಹೊತ್ತಿಗೆ ಗಿರಾಕಿ ಬಂದರೆ ನಾನೂ ಹಾಗೆಯೇ ತಟ್ಟೆ ಮುಚ್ಚಿ ಏಳುತ್ತೇನೆ.

ಇವಳು ಬಂದ ಮೇಲೆ ತರಗತಿಯಲ್ಲಿ ಬೇರೆ ಯಾರ ಡಬ್ಬಿಯಲ್ಲೂ ಏನೂ ಉಳಿಯುತ್ತಿಲ್ಲ, ಆ ಲೆಕ್ಕದಲ್ಲಿ ತನಗೆ ದೂರಿಲ್ಲ ಎಂದರು ಟೀಚರ್. ಆದರೆ ನೀನು ತಿನ್ನು ಎಂದರೆ ಇವಳದು ಒಂದೇ ಉತ್ತರವಂತೆ: “ಮಾಲಕ್ ಶೇವಟೀ ಜೇವತಾತ.” ಮಾಲೀಕರು ಕೊನೆಗೆ ಉಣ್ಣುತ್ತಾರೆ.

ಸುಳ್ಳು ಯಾಕೆ ಹೇಳಲಿ, ನನಗೆ ಮೊದಲು ಆದದ್ದು ಹೆಮ್ಮೆ. ಹತ್ತು ಸಲ ಹೇಳಿದರೂ ಹೊಸ ಸಪ್ಲೈಯರುಗಳಿಗೆ ಹತ್ತದ ಕೆಲಸ ಇದು. ಆಮೇಲೆ ಅವಳು ಮುಚ್ಚಿಟ್ಟ ಡಬ್ಬಿ ಕಣ್ಣಿಗೆ ಬಿತ್ತು. ನನ್ನ ಮಗಳು ಹಸಿದಿದ್ದಳು, ನನ್ನನ್ನು ನೋಡಿಯೇ ಹಸಿದಿದ್ದಳು. ಹೊಂದಿಸಿಕೊಂಡು ಬಂದಿದ್ದ ಜಗಳವನ್ನೆಲ್ಲ ನುಂಗಿಕೊಂಡು ಟೀಚರಿಗೆ ನಮಸ್ಕಾರ ಹಾಕಿ ಬಂದೆ.

ಅವಳಿಗೆ ಬಾಯಿಮಾತಿನಲ್ಲಿ ತಿಳಿಸಲು ನೋಡಿದೆ. ಶಾಲೆಯಲ್ಲಿ ನೀನು ಮಾಲೀಕಳಲ್ಲ, ಗಿರಾಕಿ ಎಂದೆ. ಹಾಗಾದರೆ ಮಾಲೀಕರು ಯಾರು ಎಂದು ಕೇಳಿದಳು. ಟೀಚರ್ ಎಂದೆ. ಅವಳು ಸ್ವಲ್ಪ ಯೋಚಿಸಿ, ಟೀಚರ್ ಎಲ್ಲರಿಗಿಂತ ಮೊದಲೇ ತಿನ್ನುತ್ತಾರೆ, ಅವರು ಮಾಲೀಕರಾಗಿರಲಿಕ್ಕೆ ಸಾಧ್ಯವಿಲ್ಲ ಎಂದಳು. ಅದನ್ನೆಲ್ಲ ಹೆಂಡತಿಗೆ ಹೇಳಿದೆ. ಇದು ಹೇಳಿ ಕಲಿಸಿದ್ದಲ್ಲ, ಹೇಳಿ ಬಿಡಿಸಲೂ ಆಗುವುದಿಲ್ಲ. ಮಾಡಿ ತೋರಿಸಬೇಕು ಎಂದಳು ಹೆಂಡತಿ.

ಭಾನುವಾರ ಮಧ್ಯಾಹ್ನ ನಮ್ಮಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಹೊತ್ತಿಗೇ ಹೆಂಡತಿ ಗಲ್ಲಾದಲ್ಲಿ ಕೂತಳು. ನಾನು ಮಗಳ ಕೈ ಹಿಡಿದು ಹೋಟೆಲಿನ ನಟ್ಟನಡುವಿನ ಮೇಜಿಗೆ ಹೋಗಿ ಗಿರಾಕಿಯಂತೆ ಕೂತೆ. ನನ್ನದೇ ಹೋಟೆಲಿನಲ್ಲಿ ಆ ಕುರ್ಚಿಯ ಮೇಲೆ ನಾನು ಎಂದೂ ಕೂತವನಲ್ಲ. ಸಪ್ಲೈಯರ್ ಬಂದು, ಆರ್ಡರ್ ಕೇಳುವುದೋ ವೈದ್ಯರನ್ನು ಕರೆಯುವುದೋ ತಿಳಿಯದೆ ನಿಂತ. ಭಟ್ಟರು ಅಡುಗೆಮನೆಯಿಂದ ಇಣುಕಿ, “ಹೋಯ್, ತಲೆ ತಿರ್ಗಿತಾ ಮಾರಾಯ್ರೆ?” ಎಂದು ಕೇಳಿದರು. ಎರಡು ಊಟ ಹೇಳಿದೆ. ಕೂತ ಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಮೇಜಿನ ಒಂದು ಕಾಲು ಗಿಡ್ಡ. ಸಾಂಬಾರು ಬರುವ ಹೊತ್ತಿಗೆ ಅನ್ನ ಆರುತ್ತದೆ. ಎದ್ದು ಹೋಗಿ ಗದರಿಸಲು ಕಾಲು ತುಡಿಯುತ್ತಿತ್ತು. ಗಲ್ಲಾದ ಕಡೆಯಿಂದ “ಕೂಡ್ರಿ” ಎಂಬ ಸ್ವರ ಬಂತು, ಕೂತೆ.

ಮಗಳು ಅನ್ನ ಮುಟ್ಟಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದಳು. ಅಲ್ಲಿ ಜಾಗಕ್ಕಾಗಿ ಕಾದವರ ಸಾಲು ಮೆಟ್ಟಿಲಿನವರೆಗೆ ಇಳಿದಿತ್ತು.

“ಪಪ್ಪಾ, ಮಂದಿ ನಿಂತಾರ,” ಎಂದಳು ಮೆಲ್ಲಗೆ.

ನನಗೂ ಬೆನ್ನಲ್ಲಿ ಮುಳ್ಳು ಚುಚ್ಚುತ್ತಿತ್ತು. ಅಷ್ಟು ಜನರ ಎದುರು ಉಣ್ಣುವುದೆಂದರೆ ಬಟ್ಟೆಯಿಲ್ಲದೆ ಕೂತ ಹಾಗಿತ್ತು.

“ನಿಲ್ಲಲಿ,” ಎಂದೆ.

ಈ ಹೋಟೆಲಿನಲ್ಲಿ ಆ ಮಾತನ್ನು ನಾನು ಆಡಿದ್ದು ಅದೇ ಮೊದಲು. ಭಟ್ಟರ ಕೈಯಲ್ಲಿದ್ದ ಸೌಟು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ನಾನು ತುತ್ತು ಕಲಸಿ ಬಾಯಿಗಿಟ್ಟೆ. ಅಗಿಯುತ್ತ ಅವಳನ್ನೇ ನೋಡಿದೆ. ಅವಳು ನನ್ನ ಮುಖ ನೋಡಿದಳು, ಬಾಗಿಲು ನೋಡಿದಳು, ಆಕಾಶ ಕಳಚಿ ಬೀಳಲಿಲ್ಲ ಎಂದು ಖಾತ್ರಿಯಾದ ಮೇಲೆ ಒಂದು ತುತ್ತು ಎತ್ತಿದಳು. ಹಪ್ಪಳ ಪೂರಾ ಮುಗಿಸಿ ಇನ್ನೊಂದು ಕೇಳಿದಳು.

ಸೋಮವಾರ ಡಬ್ಬಿ ಖಾಲಿ ಬಂತು. ಭಟ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, ತೊಳೆಯದೆ ಇನ್ನೊಮ್ಮೆ ನೋಡಿದರು. ಹೆಂಡತಿಗೆ ಫೋನು ಮಾಡಿ, ಬಿಬವೇವಾಡಿಯ ಮಾತು ಇನ್ನು ಎತ್ತಕೂಡದು ಎಂದೆ. ಇಷ್ಟರಲ್ಲಿ ಮಗಳು ಚೀಲವನ್ನು ಗಲ್ಲಾದ ಮೇಲೆ ಎಸೆದು, ತುಂಬಿದ ಹೋಟೆಲಿನಲ್ಲಿ ಅಪರಿಚಿತರ ಮೇಜಿನಲ್ಲಿ ಒಂದು ಕುರ್ಚಿ ಹಿಡಿದು ಕೂತು, ಸಪ್ಲೈಯರನ್ನು ಕರೆದು ಊಟ ಹೇಳಿದಳು. ಸಾಂಬಾರು ತಡವಾಯಿತೆಂದು ತಕರಾರನ್ನೂ ಮಾಡಿದಳು. ಹಸಿದಾಗ ಉಣ್ಣುವುದನ್ನು ನಾನೇ ಕಲಿಸಿದ್ದೆ. ಚೆನ್ನಾಗಿಯೇ ಕಲಿತಿದ್ದಳು.

ಮೂರು ಗಂಟೆಗೆ ಭಟ್ಟರು ಅಭ್ಯಾಸಬಲದಿಂದ ಮೂಲೆಯ ಮೇಜಿಗೆ ಎರಡು ತಟ್ಟೆ ತಂದರು. ಒಂದನ್ನು ತಾವೇ ಹಿಂದಕ್ಕೆ ಒಯ್ದರು. ನಾನು ಬೇಕೆಂದದ್ದೇ ಆಗಿತ್ತು, ಬಯಸಿದ ಹಾಗೆಯೇ ಆಗಿತ್ತು, ಆದರೂ ದೋಸೆಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದೆ. ಸಪ್ಪಗೆ ಕೂತಿದ್ದೆ. ಆಗ ಅವಳು ಬಂದಳು. ಹೆಗಲ ಮೇಲೆ ಕರ್ಚೀಫು ಹಾಕಿಕೊಂಡು, ನನ್ನ ತಟ್ಟೆಯನ್ನು ಒಮ್ಮೆ ನೋಡಿ, ಎಲ್ಲರನ್ನೂ ಕೇಳುವಷ್ಟೇ ಗಂಭೀರವಾಗಿ ಕೇಳಿದಳು.

“ಆಣಖಿ ಕಾಯ್?”

“ಏನೂ ಬೇಡ,” ಎಂದೆ. “ಸ್ವಲ್ಪ ಕೂಕೋ ಮಗಾ.”

ಅವಳು ತಿರುಗಿ ಬಾಗಿಲ ಕಡೆ ನೋಡಿದಳು. ಯಾರೂ ಕಾಯುತ್ತಿರಲಿಲ್ಲ. ಎದುರಿನ ಕುರ್ಚಿ ಎಳೆದುಕೊಂಡು ಕೂತಳು.