ಕಂಪನಿ ಕೊಟ್ಟ ಸ್ಪೀಡು ಸಾಲದ ಮಾಸ್ಟರ್

ಕಂಪನಿಯವರು ಬರೆದು ಕಳಿಸಿದ ಯಾವ ಅಂಕಿಯನ್ನೂ ವಿರೂಪಾಕ್ಷಪ್ಪ ಮಾಸ್ಟರ್ ನಂಬುತ್ತಿರಲಿಲ್ಲ. ಫ್ಯಾನಿನ ರೆಗ್ಯುಲೇಟರ್ ಐದಕ್ಕೆ ನಿಂತರೆ ಅದರಾಚೆ ಆರು ಇದ್ದೇ ಇದೆ, ನಮಗೆ ತೋರಿಸಿಲ್ಲ ಅಷ್ಟೇ ಎಂಬುದು ಅವರ ವಾದ. ತಮ್ಮ ಕೋಣೆಯ ರೆಗ್ಯುಲೇಟರನ್ನು ಕಿತ್ತು ಫ್ಯಾನಿಗೆ ನೇರವಾಗಿ ಕರೆಂಟು ಕೊಟ್ಟಿದ್ದರು. ಮೋಟರ್ ಸೈಕಲ್ಲಿನ ಒಳಗೂ ಏನೇನೋ ಬದಲಿಸಿದ್ದರು. ಅದು ಓಡಿದ್ದಕ್ಕಿಂತ ಮೆಕ್ಯಾನಿಕ್ ಬಳಿ ನಿಂತದ್ದೇ ಹೆಚ್ಚು.

"ಕಂಪನಿಯವ್ರು ಅಂಜುಬುರುಕರು ತಂಗಿ," ಎಂದು ನನಗೆ ಹೇಳುತ್ತಿದ್ದರು. "ನೂರು ಓಡೋದನ್ನ ಎಂಬತ್ತಕ್ಕ ಕಟ್ಟಿ ಹಾಕಿ ಕಳಸ್ತಾರ. ಬಿಚ್ಚೋದು ನಮ್ಮ ಕೆಲಸ."

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಯೂನಿಟ್ಟಿನಲ್ಲಿ ಅವರು ಕಟಿಂಗ್ ಮಾಸ್ಟರ್. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಕರೆಂಟಿನ ಕತ್ತಿ ಹಿಡಿದು ಎಲ್ಲ ಪದರಗಳನ್ನೂ ಒಟ್ಟಿಗೆ ಕತ್ತರಿಸುವ ಕೆಲಸ. ಹುಬ್ಬು, ಕಿವಿಯ ಕೂದಲು, ಅಂಗಿಯ ಕಾಲರು ಎಲ್ಲೆಲ್ಲೂ ಕತ್ತರಿಸಿದ ಬಟ್ಟೆಯಿಂದ ಹಾರುವ ನೀಲಿ ಜುಂಗು. ಅದೇ ಬೀದಿಯಲ್ಲಿ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ. ಅವರು ಬಂದು ಕೂತು ಎದ್ದು ಹೋದರೆ ನನ್ನ ಕುರ್ಚಿಯೂ ನೀಲಿ. ಬೈದರೆ, "ಪುಕ್ಕಟೆ ಬಣ್ಣ ಹಚ್ಚೀನಿ, ಇಟ್ಕ" ಎನ್ನುವರು. ಮದುವೆ ಆಗಿರಲಿಲ್ಲ. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, "ಕಟಿಂಗ್ ಬರೋವ್ರಿಗೆ ಹೊಲಿಗಿ ಬರಂಗಿಲ್ಲವ್ವಾ" ಎಂದು ನಕ್ಕರು.

ಅಂಥವರು ಒಂದು ದಿನ ಬಂದು, ಗೇಮ್ ಆಡಲು ಕಂಪ್ಯೂಟರ್ ಜೋಡಿಸಿಕೊಡು ಎಂದರು. ಐವತ್ತು ದಾಟಿದ ಮನುಷ್ಯ. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಮೆಲ್ಲಗೆ ಕಥೆ ಹೊರಬಿತ್ತು.

ಕುರುಗೋಡಿನಲ್ಲಿ ಅವರಿಗೊಬ್ಬ ಅಣ್ಣ, ಶರಣಪ್ಪ. ಅಲ್ಲಿ ಫೋಟೋ ಸ್ಟುಡಿಯೊ ಇಟ್ಟಿದ್ದಾರೆ. ತಂದೆಯ ಮನೆ ಪಾಲು ಮಾಡುವಾಗ ನಡುಗೋಡೆ ಎಲ್ಲಿ ಏಳಬೇಕು ಎಂಬಲ್ಲಿ ಅಣ್ಣ ತಮ್ಮಂದಿರಿಗೆ ಮಾತು ಬೆಳೆದು, ಇವರು ಎದ್ದು ಬಳ್ಳಾರಿಗೆ ಬಂದವರು ಮತ್ತೆ ಆ ಹೊಸ್ತಿಲು ತುಳಿದಿರಲಿಲ್ಲ. ವರ್ಷಗಳಿಂದ ಮಾತಿಲ್ಲ, ಫೋನಿಲ್ಲ. ಮದುವೆ ವಿಡಿಯೊ ಜೋಡಿಸಲು ಅಣ್ಣ ಒಳ್ಳೆಯ ಕಂಪ್ಯೂಟರ್ ಇಟ್ಟುಕೊಂಡಿದ್ದರು, ಕೆಲಸವಿಲ್ಲದ ಭಾನುವಾರಗಳಲ್ಲಿ ಅದರಲ್ಲೇ ಲಾರಿ ಓಡಿಸುವ ಆಟ ಆಡುತ್ತಿದ್ದರು. ಇಂಟರ್ನೆಟ್ಟಿನ ಮೂಲಕ ಇಬ್ಬರು ಮೂವರು ಸೇರಿ ಒಂದರ ಹಿಂದೊಂದು ಲಾರಿ ಓಡಿಸಬಹುದಾದ ಆಟ. ಇದು ಯಾರಿಂದಲೋ ಮಾಸ್ಟರ್ ಕಿವಿಗೆ ಬಿದ್ದಿತ್ತು.

"ನಮ್ಮಪ್ಪ ಲಾರಿ ಡ್ರೈವರ್ ತಂಗಿ. ಇಬ್ರೂ ಕ್ಯಾಬಿನ್ನಾಗ ಕುಂತ ಬೆಳದೀವಿ. ಅಲ್ಲೇನೂ ಮಾತಾಡಬೇಕಂತಿಲ್ಲಲ್ಲ, ಹಿಂದ ಹಿಂದ ಹೋಗ್ತೀನಿ."

ನಾನು ಜೋಡಿಸಿಕೊಟ್ಟೆ, ಆಟದಲ್ಲಿ ಅಣ್ಣನ ಹೆಸರನ್ನೂ ಹುಡುಕಿಕೊಟ್ಟೆ; ಓಡಿಸುವವರ ಹೆಸರು ಲಾರಿಯ ಮೇಲೆ ಕಾಣುತ್ತಿತ್ತು. ಮೊದಲ ಭಾನುವಾರ ಇವರ ಲಾರಿ ಹೋಗಿ ಅಣ್ಣನ ಲಾರಿಯ ಹಿಂದೆ ನಿಂತಿತು. ಶರಣಪ್ಪನವರು ಹೊರಗಟ್ಟಲಿಲ್ಲ, ಬೇಡವೆನ್ನಲಿಲ್ಲ. ಎರಡು ಹಾರ್ನ್ ಹೊಡೆದು ಮುಂದೆ ಹೊರಟರು. ಅಂದಿನಿಂದ ಪ್ರತಿ ಭಾನುವಾರ ಯಾವುದೋ ಸೀಮೆಯ ರಸ್ತೆಯಲ್ಲಿ ಬಳ್ಳಾರಿ ಲಾರಿ ಕುರುಗೋಡು ಲಾರಿಯ ಬೆನ್ನು ಹಿಡಿದು ಹೋಗುತ್ತಿತ್ತು. ಒಂದಕ್ಷರ ಮಾತಿಲ್ಲ. ಸೋಮವಾರ ನನ್ನ ಅಂಗಡಿಗೆ ಬಂದು, "ನಿನ್ನೆ ಘಟ್ಟ ಹತ್ತಿದ್ವಿ" ಎಂದು ಹಿಗ್ಗುವರು.

ಸುಮ್ಮನಿರಬೇಕಲ್ಲ? ಮಂಜು ಬಿದ್ದ ರಸ್ತೆಯಲ್ಲಿ ಚಿತ್ರ ತುಸು ತಡವರಿಸಿತೆಂದು, ಯಾವುದೋ ವಿಡಿಯೊ ನೋಡಿ, ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ವೇಗವನ್ನು ಕಂಪನಿ ಇಟ್ಟದ್ದಕ್ಕಿಂತ ಮೇಲೇರಿಸಿದರು. ನಾವು ರಿಪೇರಿಯವರು ಇದಕ್ಕೆ ಓವರ್‌ಕ್ಲಾಕ್ ಎನ್ನುತ್ತೇವೆ. ಮೊದಲ ಕೆಲವು ನಿಮಿಷ ಆಟ ಬೆಣ್ಣೆಯಂತೆ ಹೋಯಿತಂತೆ. ಆಮೇಲೆ ಕುಂಟತೊಡಗಿ, ನಡುರಸ್ತೆಯಲ್ಲಿ ಪರದೆ ಕಪ್ಪಾಯಿತು; ಅಣ್ಣನ ಹಿಂದಿನಿಂದ ಇವರ ಲಾರಿ ಮಾಯ. ಮುಂದಿನ ವಾರ ಇನ್ನಷ್ಟು ಏರಿಸಿದರು. ಇನ್ನೂ ಬೇಗ ಕಪ್ಪಾಯಿತು. ಅದರ ಮುಂದಿನ ಭಾನುವಾರ ಅಣ್ಣನ ಲಾರಿ ಬರಲೇ ಇಲ್ಲ.

ಸೋಮವಾರ ಅಂಗಡಿಗೆ ಬಂದಾಗ ಮಾಸ್ಟರ್ ಮುಖ ನೋಡಲಾಗುತ್ತಿರಲಿಲ್ಲ. "ನಾನು ಬೇಕಂತ ಬಿಟ್ಟು ಹೋದೆ ಅಂತ ತಿಳ್ಕಂಡಾನ. ಆವತ್ತು ಮನಿ ಬಿಟ್ಟು ಎದ್ದು ಬಂದಂಗ."

"ಫೋನ್ ಮಾಡಿ ಹೇಳ್ರಿ, ಕಂಪ್ಯೂಟರ್ ಕೆಟ್ಟಿತ್ತು ಅಂತ."

"ಅದೊಂದು ಆಗಂಗಿಲ್ಲ. ನೀನು ಇದನ್ನ ಸರಿ ಮಾಡು."

ಯೂನಿಟ್ಟಿನ ಮೇಲಿನ ಅವರ ಕೋಣೆಗೆ ಹೋದೆ. ಮೊದಲು ಎಲ್ಲವನ್ನೂ ಕಂಪನಿಯ ಸೆಟ್ಟಿಂಗಿಗೆ ಇಳಿಸಿ ಎಂದೆ. ಏರಿಸಿದ್ದನ್ನು ಇಳಿಸಿದರೆ ಸೋತಂತಲ್ಲವೇ ಎಂದು ಜಗಳಕ್ಕೆ ನಿಂತರು. ನನಗೂ ರೇಗಿತು.

"ನಮ್ಮ ಸಿರುಗುಪ್ಪದ ಅಕ್ಕಿ ಗಿರಣಿ ನೋಡೀರೇನು? ರೋಲರ್ ಸಿಕ್ಕಾಪಟ್ಟೆ ಬಿಗಿ ಮಾಡಿದ್ರ ಅಕ್ಕಿ ಜಾಸ್ತಿ ಬರಂಗಿಲ್ಲ, ನುಚ್ಚು ಬರ್ತೈತಿ. ನಿಮ್ಮ ಕಾರ್ಡಿನ ಮೆಮೊರಿನೂ ಹಂಗ. ಓಡ್ತೈತಿ, ತಪ್ಪು ಮಾಡ್ತೈತಿ, ಮಾಡಿದ್ದನ್ನ ಮತ್ತ ಮಾಡ್ತೈತಿ. ಅಂಕಿ ಮ್ಯಾಲ, ಆಟ ಕೆಳಗ."

ನುಚ್ಚಿನ ಮಾತು ನಾಟಿತು. ಇಳಿಸಿದರು. ಕಾರ್ಡಿನ ಶಾಖ ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿ ಆಟ ಓಡಿಸಿದೆ. ಕಪ್ಪಾಗುವುದು ನಿಂತಿತು, ಕುಂಟುವುದು ನಿಲ್ಲಲಿಲ್ಲ. ಶಾಖ ಏರುತ್ತಿತ್ತು, ಏರಿದಂತೆಲ್ಲ ಕಾರ್ಡು ಸುಟ್ಟುಹೋಗಬಾರದೆಂದು ತಾನೇ ವೇಗ ತಗ್ಗಿಸಿಕೊಳ್ಳುತ್ತಿತ್ತು. ವೇಗ ಇಳಿಸಿದ ಮೇಲೂ ಇಷ್ಟು ಶಾಖ ಯಾಕೆ? ಬಗ್ಗಿ ನೋಡಿದೆ. ಕ್ಯಾಬಿನೆಟ್ಟಿನ ಒಂದು ಬದಿಯ ತಗಡು ತೆಗೆದಿದ್ದರು. ಆ ಬಾಯಿಗೆ ನೇರವಾಗಿ, ಬಳ್ಳಾರಿಯ ಬಿಸಿಲಿಗೆ ನಾವೆಲ್ಲ ಇಟ್ಟುಕೊಳ್ಳುವ ನೀರಿನ ಕೂಲರ್ ಬುರ್ರೆನ್ನುತ್ತಿತ್ತು.

"ಸ್ಪೀಡ್ ಏರಿಸೀನಲ್ಲ, ಕಾಯ್ತೈತಂತ ತಂಪಿಗೆ ಇಟ್ಟೀನಿ," ಎಂದರು, ಶಾಭಾಸ್‌ಗಿರಿ ಕಾಯುವವರಂತೆ.

ಕೆಳಗಿನ ಯೂನಿಟ್ಟಿನಿಂದ ಏಳುವ ನೀಲಿ ಜುಂಗು, ಮೇಲೆ ಕೂಲರಿನ ಹಸಿ ಗಾಳಿ. ಎರಡೂ ಸೇರಿ, ಕಾರ್ಡಿನ ಶಾಖ ಹೊರಹಾಕುವ ತೆಳು ತಗಡುಗಳ ಸಂದಿಗೆ ಮೆತ್ತಿಕೊಂಡಿದ್ದವು. ಬಿಚ್ಚಿ ಎಬ್ಬಿಸಿದರೆ ಇಡಿಯ ಹಪ್ಪಳದಂತೆ ಎದ್ದು ಬಂತು. ಮಾಸ್ಟರ್ ಅದನ್ನು ಬೆರಳಲ್ಲಿ ಉಜ್ಜಿ, "ನಮ್ದ ಬಟ್ಟಿ," ಎಂದು ತಣ್ಣಗೆ ಹೇಳಿದರು. ನಾನು ಬ್ರಷ್ ಹಿಡಿದು ತಿಕ್ಕಿದೆ, ಚಿಪ್ಪಿನ ಶಾಖ ದಾಟಿಸುವ ಹಳೆಯ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ, ಬದಿಯ ತಗಡು ಮುಚ್ಚಿದೆ, ಕೂಲರನ್ನು ಬಾಗಿಲಾಚೆ ದೂಡಿದೆ. ಆಟ ಸರಾಗವಾಗಿ ಓಡಿತು. "ಒಂದ ಒಂದು ಚೂರು ಏರಸ್ಲಾ?" ಎಂದು ಕೇಳಿದವರನ್ನು ನಾನು ದುರುಗುಟ್ಟಿ ನೋಡಿದೆ.

ಆದರೆ ಸರಿಯಾದ ಕಂಪ್ಯೂಟರಿನ ಮುಂದೆ ಕೂತವರಿಗೆ ಹಿಂಬಾಲಿಸಲು ಲಾರಿಯೇ ಇರಲಿಲ್ಲ. ಭಾನುವಾರ ಭಾನುವಾರ ಇವರು ಆಟದೊಳಗಿನ ಪೆಟ್ರೋಲ್ ಬಂಕಿನಲ್ಲಿ ತಮ್ಮ ಲಾರಿ ನಿಲ್ಲಿಸಿಕೊಂಡು ಕಾಯುವರು. ಕಾರ್ಡಿನ ಶಾಖ ನೋಡುವ ನೆಪದಲ್ಲಿ ನಾನೂ ಒಮ್ಮೆ ಹೋಗಿ ಕೂತೆ. ಯಾರೂ ಬರಲಿಲ್ಲ. ನನಗೆ ಸಂಕಟವಾಯಿತು. ಹಟಮಾರಿಗಳಿಬ್ಬರ ಮೇಲೂ ಸಿಟ್ಟು ಬಂತು. ಕೊನೆಗೆ ಬಂದದ್ದು ಲಾರಿಯಲ್ಲ, ಸುದ್ದಿ. ಹಿಂದಿನ ರಾತ್ರಿ ಶರಣಪ್ಪನವರಿಗೆ ಲಕ್ವ ಹೊಡೆದಿತ್ತು. ಮಾಸ್ಟರ್ ಅದೇ ದಿನ ಕೆಲಸ ಬಿಟ್ಟು ಕುರುಗೋಡಿನ ಬಸ್ಸು ಹತ್ತಿದರು.

ನಾನು ಮಾಸ್ಟರನ್ನು ಕೊನೆಗೆ ನೋಡಿದ್ದು ಅಲ್ಲಿಯೇ. ತಮ್ಮ ಕೋಣೆಯ ಕಂಪ್ಯೂಟರ್ ತಂದು ಅಣ್ಣನ ಮಂಚದ ಪಕ್ಕ ಜೋಡಿಸು ಎಂದಿದ್ದರು, ಒಯ್ದಿದ್ದೆ. ಶರಣಪ್ಪನವರ ಬಲಗೈ ಬಿದ್ದುಹೋಗಿತ್ತು, ಬಾಯಿ ವಾರೆಯಾಗಿತ್ತು. ಮಾತು ಬರೀ ಗೊರಗೊರ ಸದ್ದು. "ಮಾವ ಏನಂತಾರಂತ ನಮಗ ಒಂದೂ ತಿಳಿಯಂಗಿಲ್ರಿ," ಎಂದು ಅವರ ಸೊಸೆ ಕಣ್ಣೊರೆಸಿಕೊಂಡಳು. "ಇವ್ರೊಬ್ರಿಗೆ ತಿಳೀತೈತಿ." ನಿಜವಿತ್ತು. ಆ ಸದ್ದು ಕೇಳಿದೊಡನೆ ಮಾಸ್ಟರ್, ಚಹಾಕ್ಕೆ ಸಕ್ಕರಿ ಸಾಲದಂತ, ಕಿಟಕಿ ತೆಗೀಬೇಕಂತ ಎಂದು ಹೇಳುತ್ತಿದ್ದರು. ಇಷ್ಟು ವರ್ಷ ಮಾತೇ ಆಡದವರು.

ಪರದೆಯಲ್ಲಿ ಲಾರಿ ಮೂಡಿತು. ಅದನ್ನು ನೋಡಿದ ಶರಣಪ್ಪನವರು ಒಮ್ಮೆಲೇ ಉದ್ದಕ್ಕೆ ಏನೋ ಹೇಳಿದರು. ಮಾಸ್ಟರ್ ತಲೆ ತಗ್ಗಿಸಿದರು.

"ಏನಂತಾರ್ರಿ?" ಎಂದೆ.

"ನಡುರಸ್ತ್ಯಾಗ ನನ್ನ ಯಾಕ ಬಿಟ್ಟು ಹೋದಿ ಅಂತ ಕೇಳಾಕತ್ಯಾನ."

ಆಮೇಲೆ ಅಣ್ಣನ ಕಡೆ ತಿರುಗಿ ಕೂತರು. "ಬಿಟ್ಟು ಹೋಗಿದ್ದಿಲ್ಲಣ್ಣ. ನಾನ ಕಾರ್ಡಿನ ಸ್ಪೀಡ್ ಏರಿಸಿದ್ದೆ. ಜುಂಗು ತುಂಬಿ ಕಾದು ಬಂದ್ ಬಿದ್ದಿತ್ತು. ನಂದ ತಪ್ಪು."

ಶರಣಪ್ಪನವರು ಅವರನ್ನೇ ನೋಡಿದರು. ಎಡಗೈ ಎತ್ತಿ ತಮ್ಮನ ತಲೆಗೊಂದು ಬಿಟ್ಟರು, ಗೊರಗೊರನೆ ಏನೋ ಅಂದರು. ಮಾಸ್ಟರ್ ಕಣ್ಣಲ್ಲಿ ನೀರು ತುಂಬಿಕೊಂಡೇ ನಗತೊಡಗಿದರು. ನಾನು ಕೇಳುವ ಮೊದಲೇ ನನಗೆ ಹೇಳಿದರು:

"ಅಷ್ಟ ಆಗಿದ್ರ ಫೋನ್ ಮಾಡಬಾರ್ದೇನಲೇ ಹುಚ್ಚಪ್ಯಾಲಿ, ಅಂತಾನ."