ಬರೆದವಳು ನಾನು, ಮಾತಾಡಿದವಳು ಅವಳು

ಶಿಕಾರಿಪುರದ ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ, ನನ್ನ ಗೆಳತಿ ಕನ್ನಡ. ಅವಳು ಉಳವಿಯವಳು, ಮದುವೆಯಾಗಿಲ್ಲ. ಮೈಕು ಕೈಗೆ ಸಿಕ್ಕರೆ ಎಂಥ ಸಭೆಯನ್ನಾದರೂ ಹಿಡಿದು ಕೂರಿಸುತ್ತಾಳೆ. ನನಗೆ ಇಬ್ಬರು ಸಣ್ಣ ಮಕ್ಕಳು. ಹಾಗಾಗಿ ಭಾಷಣ ಬರೆಯುವುದು ನಾನು, ಊರೂರಿಗೆ ಹೋಗಿ ಮಾಡುವುದು ಅವಳು ಎಂದು ತನ್ನಿಂದ ತಾನೇ ಆಗಿಹೋಗಿತ್ತು. ಪೇಪರಿನಲ್ಲಿ ಅವಳ ಫೋಟೊ ಬಂದರೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದವಳು ನಾನೇ. ಮನೆಗೆ ಬಂದ ಮೇಲೆ ಮಾತ್ರ ಯಾರೊಂದಿಗೂ ಮಾತು ಬೇಡವಾಗುತ್ತಿತ್ತು.

ಹೋದ ವರ್ಷ ಸೊರಬದ ಮಹಿಳಾ ಸಂಘವೊಂದು ಅವಳನ್ನು ಕರೆಯಿತು. ಹಳೆಯ ಕಾಲದ ಅಮೆರಿಕದ ಹೆಂಗಸರ ಬಗ್ಗೆ ಬರೆದುಕೊಟ್ಟೆ. ಮದುವೆಯಾದ ಕೂಡಲೇ ಆಸ್ತಿ, ಕೂಲಿ ಎಲ್ಲವೂ ಗಂಡನದಾಗುತ್ತಿದ್ದ ಕಾಲ ಅದು. ಸಣ್ಣ ಊರೊಂದರ ಚರ್ಚಿನಲ್ಲಿ ಸೇರಿ ನಮಗೂ ಓಟು ಬೇಕೆಂದವರು, ಮನೆಮನೆ ಹತ್ತಿಳಿದು ಸಹಿ ಕೇಳಿದವರು, ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದು ವೇದಿಕೆ ಹತ್ತಿದವಳು, ಇವರೆಲ್ಲ ಅದರಲ್ಲಿದ್ದರು. ಅಂದು ಭಾನುವಾರ. ಮಕ್ಕಳನ್ನು ಗಂಡನಿಗೆ ಒಪ್ಪಿಸಿ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ನನ್ನ ವಾಕ್ಯಗಳಿಗೆ ಅವಳಿಗೆ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಹೊಟ್ಟೆ ಉರಿಯುತ್ತಿತ್ತು.

ಕೊನೆಗೆ ಹೊಲದ ಕೆಲಸ ಮಾಡುವ ಹೆಂಗಸೊಬ್ಬರು ಎದ್ದು ನಿಂತರು. “ಮೇಡಮ್ಮೋರೆ, ಇವರೆಲ್ಲ ಹಿಂಗೆ ಊರು ತಿರುಗ್ತಿದ್ರಲ್ಲ, ಮನೆಯಾಗೆ ಮಕ್ಕಳನ್ನ ಯಾರು ನೋಡ್ಕಂತಿದ್ರು?”

ಗೆಳತಿ ಹಾಳೆ ತಿರುವಿದಳು. ಅದಕ್ಕೆ ಉತ್ತರ ಅಲ್ಲಿ ಇರಲಿಲ್ಲ. ಅವಳ ಕಣ್ಣು ನನ್ನನ್ನು ಹುಡುಕಿತು, ನಾನು ಎದ್ದೆ. ಅವರಲ್ಲಿ ಇಬ್ಬರು ಗೆಳತಿಯರಿದ್ದರು ಎಂದು ಹೇಳಿದೆ. ಮನೆ ತುಂಬ ಮಕ್ಕಳಿದ್ದವಳು ಬರೆಯುತ್ತಿದ್ದಳು, ಮದುವೆಯಾಗದವಳು ಹೋಗಿ ಮಾತಾಡುತ್ತಿದ್ದಳು. ಬರೆಯಲು ಪುರುಸೊತ್ತಿಲ್ಲದಾಗ ಆ ಮದುವೆಯಾಗದವಳೇ ಬಂದು ಮಕ್ಕಳನ್ನು ಆಡಿಸಿ, ಒಲೆಯ ಮೇಲಿನದನ್ನು ತಿರುವಿ ಕೊಡುತ್ತಿದ್ದಳು. ಹೆಂಗಸರು ನಕ್ಕರು. ಸಭೆ ಮುಗಿದ ಮೇಲೆ ನನ್ನನ್ನು ಸುತ್ತುವರಿದು ಇನ್ನೂ ಕೇಳಿದರು. ವೇದಿಕೆಯ ಹತ್ತಿರ ಅವಳು ಹಾರ ಹಿಡಿದು ಒಬ್ಬಳೇ ನಿಂತಿದ್ದಳು. ನನಗೆ ಸಂತೋಷವಾಯಿತು.

ಬಸ್ಸಿನಲ್ಲಿ ಅವಳು ಕೇಳಿದಳು, “ಅಷ್ಟು ಚೆನ್ನಾಗಿರೋದನ್ನ ನಂಗ್ಯಾಕೆ ಬರ್ದು ಕೊಡ್ಲಿಲ್ಲ ಮಾರಾಯ್ತಿ?”

“ಮಕ್ಕಳನ್ನ ನೋಡ್ಕಳಕ್ಕೆ ನೀನು ಯಾವತ್ತು ಬಂದಿದ್ದೆ?”

ಶಿಕಾರಿಪುರದಲ್ಲಿ ಇಳಿಯುವಾಗ ಅವಳು, ಮುಂದಿನ ಸಭೆಗೆ ನೀನೇ ಹೋಗು, ನಾನು ನಿಮ್ಮ ಮನೆಯಲ್ಲಿ ಮಕ್ಕಳ ಜೊತೆ ಇರುತ್ತೇನೆ ಎಂದಳು.

ಮಾತು ಉಳಿಸಿಕೊಂಡಳು. ಬಂದಳಿಕೆ ಊರಿನ ಸಭೆಯಲ್ಲಿ ನಾನು ಮಾತಾಡಿದೆ. ಮೊದಲೆರಡು ವಾಕ್ಯ ಹಾಳೆ ನೋಡಿ ಓದಿದೆ, ಆಮೇಲೆ ಹಾಳೆ ಬೇಕಾಗಲಿಲ್ಲ. ಹಾರವನ್ನೂ ಹಾಕಿದರು. ಅದನ್ನು ಮಕ್ಕಳಿಗೆ ತೋರಿಸಬೇಕೆಂದು ಸಂಜೆ ಬೇಗ ಬೇಗ ಮನೆಗೆ ಬಂದೆ. ಇಬ್ಬರೂ ಅವಳಿಗೆ ಅಂಟಿಕೊಂಡು ಕಥೆ ಕೇಳುತ್ತಿದ್ದರು. ಕರೆದೆ. ಸಣ್ಣವಳು ತಿರುಗಿಯೂ ನೋಡದೆ, “ಸುಮ್ನಿರಮ್ಮ, ಆಂಟಿ ಹೇಳ್ತಿದಾರೆ” ಎಂದಳು.

ಹಾರ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತೆ. ಕಥೆ ಚೆನ್ನಾಗಿತ್ತು.